ಸುಬೇದಾರ್ ಸಾಹೇಬರ ಶಿಸ್ತು

ಕೆಂಗೇರಿಯಾಚೆಯ ಆ ಸೈನಿಕ ಮಾದರಿ ವಸತಿ ಶಾಲೆಯಲ್ಲಿ ಕವಾಯತು ಕಲಿಸುವ ಸುಬೇದಾರ್ ಸುಬ್ರಮಣಿ ವಿಷಲ್ ಊದಿದರೆ ಮಕ್ಕಳಿರಲಿ, ಅಡುಗೆಮನೆಯ ಕುಕ್ಕರೂ ಕೂಗು ನಿಲ್ಲಿಸುತ್ತದೆ ಎಂದು ಮೇಷ್ಟ್ರುಗಳು ನಗುತ್ತಾರೆ. ಸೇನೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಅವರು ಇಡ್ಲಿ ತಿನ್ನುವಾಗಲೂ ಬೆನ್ನು ಬಾಗಿಸುವುದಿಲ್ಲ. ಮಕ್ಕಳ ಹೊದಿಕೆಯ ಮಡಿಕೆಯನ್ನು ಸ್ಕೇಲಿಟ್ಟು ಅಳೆಯುತ್ತಾರೆ. ಜ್ವರ ಬಂದ ಹುಡುಗನಿಗೂ ‘ಲೀಡರ್ ಆಗೋನು ಹಿಂಗೆ ಮಲಗ್ತಾನೇನೋ?’ ಅನ್ನುತ್ತಾರೆ. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗೆ, ‘ಮಗೂನ ಬಿಟ್ಟು ಹೋಗಿ, ನಾಯಕನ್ನ ಕರ್ಕೊಂಡು ಹೋಗಿ’ ಎನ್ನುತ್ತಾ, ಅಲ್ಲೇ ಓದುತ್ತಿದ್ದ ತಮ್ಮ ಮಗಳು ಸಂಘಮಿತ್ರಾಳನ್ನೇ ತೋರಿಸುತ್ತಿದ್ದರು. ಹೋದ ವರ್ಷ ವಾರ್ಷಿಕ ಪೆರೇಡಿನ ಬೆಳಿಗ್ಗೆ, ವಿಜಯನಗರದ ಆಸ್ಪತ್ರೆಯಲ್ಲಿದ್ದ ಅವರ ಹೆಂಡತಿ ಸುಮಾ ತೀರಿಕೊಂಡರೆಂದು ಫೋನ್ ಬಂತು. ಸುಬೇದಾರರು ಫೋನನ್ನು ಜೇಬಿಗಿಳಿಸಿ, ಟೋಪಿ ಸರಿಮಾಡಿಕೊಂಡು ಆಜ್ಞೆ ಕೂಗಿದರು. ಹದಿನಾಲ್ಕರ ಮಗಳು ಕತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು. ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ನಿಮಗೆ ಯಾವಾಗ ಗೊತ್ತಾಯ್ತು?’ ‘ಪೆರೇಡಿಗೆ ಮುಂಚೆ. ಹೇಳಿದ್ರೆ ನೀನು ಸಾಲು ಬಿಟ್ಟು ಓಡ್ತಿದ್ದೆ ಕಣೇ.’ ‘ಓಡಬೇಕಿತ್ತಪ್ಪಾ,’ ಎಂದಳು ಹುಡುಗಿ, ‘ನಾವಿಬ್ರೂ ಓಡಬೇಕಿತ್ತು.’ ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ದಿನವೇ ಅವರು ಮೈದಾನಕ್ಕೆ ಮರಳಿದರು. ಸಂಘಮಿತ್ರಾ ಮಾತ್ರ ಕಾಮಾಕ್ಷಿಪಾಳ್ಯದ ಅಜ್ಜಿಯ ಮನೆಯಲ್ಲೇ ಉಳಿದುಬಿಟ್ಟಳು. ಅಲ್ಲಿಗೆ ಹೋಗಿ, ‘ಬಾ ಮಗಳೇ’ ಎಂದು ಕರೆಯುವ ಧೈರ್ಯ ಸುಬೇದಾರರಿಗೆ ಈವರೆಗೂ ಬಂದಿಲ್ಲ.