ಉಡುಸಲಮ್ಮನ ಎಲೆಜೇನು

ಆಂಧ್ರ ಗಡಿಯ ರೊದ್ದಂ ಪಕ್ಕದ ಗುಡ್ಡದಡಿ ಮೂವತ್ತು ಪೆಟ್ಟಿಗೆ ಇಟ್ಟು ಜೇನು ಸಾಕುವ ಉಡುಸಲಮ್ಮನನ್ನು ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಮೋಸಗಾತಿ ಅಂದಿರಲಿಲ್ಲ. ಈ ಜನವರಿಯಲ್ಲಿ ಆ ಮಾತೂ ಬಂತು. ಊದಿದ ಮಂಡಿ ಎಳೆದುಕೊಂಡು, ಎರಡು ಬಸ್ಸು ಬದಲಿಸಿ, ಹಿಂದೂಪುರದ ಅಂಗಡಿಗೆ ಕ್ಯಾನು ತಂದಿಳಿಸಿದ್ದಳು. ಅಂಗಡಿಯ ಲಕ್ಷ್ಮೀಕಾಂತ್ ಮುಚ್ಚಳ ತೆಗೆದವನೇ ಮುಖ ಹುಳ್ಳಗೆ ಮಾಡಿಕೊಂಡ.

"ಏಮಕ್ಕಾ ಇದು, ಡಾಂಬರಿದ್ದಂಗೈತೆ! ಬೆಲ್ಲದ ಪಾಕ ಬೆರೆಸಿದ್ದೀಯಾ?"

ಗಿರಾಕಿಗಳು ತಿರುಗಿ ನೋಡಿದರು.

"ಇದು ಹೂವಿಂದಲ್ಲ ಕಣಪ್ಪ, ಎಲೇದು. ದಿಂಡಿಗದ ಮರದ ಎಲೆ ಮ್ಯಾಲೆ ಗಿಡಹೇನು ಕೂತು ರಸ ಹೀರಿ ಸಿಹಿನೀರು ಬುಡ್ತವೆ. ಹೂವಿಲ್ದಾಗ ನಮ್ಮ ಹುಳ ಅದನ್ನೇ ಹೀರ್ಕೊಂಡು ಬತ್ತವೆ."

"ಹೇನಿಂದು ಅಂತ ಹೇಳಿದ್ರೆ ಕೊಂಡ್ಕೊಳೋರು ಯಾರಕ್ಕ?" ಎಂದು ಅವನು ನಕ್ಕ.

ಉಡುಸಲಮ್ಮ ಕ್ಯಾನನ್ನು ಮತ್ತೆ ಸೊಂಟಕ್ಕೇರಿಸಿಕೊಂಡು ಹೊರಟಳು. ಆದರೆ ಬೆಲ್ಲ ಬೆರೆಸಿದ್ದೀಯಾ ಎಂದ ಆ ಮಾತು ದಾರಿಯುದ್ದಕ್ಕೂ ಕುಟುಕುತ್ತಲೇ ಇತ್ತು.

ಬಿಸಿಲೇರಿದರೆ ಎಲೆಯ ಮೇಲಿನ ಸಿಹಿ ಒಣಗಿಬಿಡುತ್ತದೆ. ಮರುದಿನ ಬೆಳಕು ಹರಿಯುವಾಗಲೇ ಗುಡ್ಡ ಹತ್ತಿ, ಒಂದು ಕೊಂಬೆ ಕಡಿದು, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಮೊದಲ ಬಸ್ಸು ಹಿಡಿದಳು. ಲಕ್ಷ್ಮೀಕಾಂತ್ ಆಗಷ್ಟೇ ಅಂಗಡಿಯ ಬಾಗಿಲೆತ್ತುತ್ತಿದ್ದ.

"ನೆಕ್ಕಿ ನೋಡಪ್ಪ."

ಅವನು ಅನುಮಾನಿಸುತ್ತಲೇ ಮಿರುಗುವ ಎಲೆಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡ. ಮುಖ ಬದಲಾಯಿತು.

"ನಿಜಾನೇ ಅಕ್ಕ. ತಪ್ಪಾಯ್ತು." ಆಮೇಲೆ ದನಿ ತಗ್ಗಿಸಿದ. "ಆದ್ರೆ ಜನ ಕರ್ರಗಿರೋದನ್ನ ಮುಟ್ಟಲ್ಲ. ನಿನ್ ತಾವ ಸೂರ್ಯಕಾಂತಿ ಜೇನೈತಲ್ಲ, ಅರ್ಧಕ್ಕರ್ಧ ಬೆರೆಸಿ ತಂದ್ಬುಡು, ತಗೋತೀನಿ."

"ಬೆರೆಸಿದ್ದೀಯಾ ಅಂತ ನಿನ್ನೆ ಬೈದೋನು ನೀನೇ ಅಲ್ವಾ?"

"ಅದು ಬೆಲ್ಲ. ಇದು ಜೇನಿಗೆ ಜೇನು, ತಪ್ಪೇನೈತೆ?"

ಅವನ ಮಾತಿನಲ್ಲಿ ಹುಳುಕು ಹುಡುಕಲು ಅವಳಿಗಾಗಲಿಲ್ಲ. "ನನ್ನ ಕೈಲಾಗಲ್ಲ ಕಣಪ್ಪ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಹಾಗೆ ಹೇಳಿಸಿದ್ದು ಹಟವೋ ಸುಸ್ತೋ, ಅವಳಿಗೇ ತಿಳಿಯಲಿಲ್ಲ.

ವಾರ ಕಳೆದ ಮೇಲೆ ಅದೇ ಕ್ಯಾನು ಹೊತ್ತು, ಕಲ್ಯಾಣದುರ್ಗದಲ್ಲಿ ಸಿರಿಧಾನ್ಯ ಮಾರುವ ಸರ್ವಮಂಗಳಮ್ಮನ ಹತ್ತಿರ ಹೋದಳು. ಆಕೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಅಂಜೂರ ತಿಂದಂಗಾಯ್ತದೆ ಕಣಮ್ಮ. 'ಆಕು ತೇನೆ' ಅಂತ ತೆಲುಗಲ್ಲಿ, 'ಎಲೆಜೇನು' ಅಂತ ಕನ್ನಡದಲ್ಲಿ ಚೀಟಿ ಅಂಟಿಸ್ತೀನಿ. ಇದ್ದದ್ದು ಇದ್ದಂಗೇ ಹೇಳಾನ. ಹೋದಷ್ಟು ಹೋಗ್ಲಿ."

ಯುಗಾದಿಯ ಹೊತ್ತಿಗೆ ಅರ್ಧ ಕ್ಯಾನು ಖರ್ಚಾಗಿತ್ತು. ಉಳಿದರ್ಧ ಕಪಾಟಿನಲ್ಲೇ ಇತ್ತು. ಕಲ್ಯಾಣದುರ್ಗಕ್ಕೆ ಹೋಗಿ ಅದನ್ನು ಕಂಡ ಉಡುಸಲಮ್ಮ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಹಾಗೇ ನಿದ್ದೆಹೋದಳು.

"ಅಮ್ಮಾ, ದಿಗು ದಿಗು, ಇಳ್ಕೋ, ರೊದ್ದಂ ಬಂತು!" ಎಂದು ಕಂಡಕ್ಟರ್ ಭುಜ ತಟ್ಟಿದ. ಮಂಡಿ ಹಿಡಿದುಕೊಂಡು ಮೆಲ್ಲಗೆ ಇಳಿದಳು.