ಗೆರೆ ತಪ್ಪಿದ ಹಸಿರು ಕಾರು

ಗೆರೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಗರಸಭೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವರಿಗೆ ಒಂದೇ ಕೆಲಸ. ಬೀದಿಯಲ್ಲಿ ದಿಕ್ಕಿಲ್ಲದೆ ಬಿದ್ದ ಗಾಡಿಗಳನ್ನು ಹುಡುಕಬೇಕು, ಟೈರಿನಿಂದ ನೆಲದವರೆಗೆ ಸೀಮೆಸುಣ್ಣದಲ್ಲಿ ನೆಟ್ಟನೆ ಒಂದು ಗೆರೆ ಎಳೆಯಬೇಕು, ಗಾಜಿಗೆ ಹಳದಿ ನೋಟಿಸು ಅಂಟಿಸಬೇಕು. ಏಳು ದಿನ ಬಿಟ್ಟು ನೋಡಿದಾಗ ಟೈರಿನ ಗೆರೆ ನೆಲದ ಗೆರೆಗೆ ಕೂಡಿಯೇ ಇದ್ದರೆ ಗಾಡಿಗೆ ಯಾರೂ ಇಲ್ಲವೆಂದು ಅರ್ಥ, ಕ್ರೇನು ಬಂದು ಎತ್ತಿಕೊಂಡು ಹೋಗುತ್ತದೆ. ಗೆರೆ ತಪ್ಪಿದ್ದರೆ ಯಾರೋ ಓಡಿಸಿದ್ದಾರೆ. ಮತ್ತೆ ಹೊಸ ಗೆರೆ, ಮತ್ತೆ ಏಳು ದಿನ.

ಇಷ್ಟು ವರ್ಷ ಇದನ್ನೇ ಮಾಡಿದವರಿಗೆ ಲೋಕದಲ್ಲಿ ನಂಬಿಕೆ ಉಳಿದೀತಾದರೂ ಹೇಗೆ? ‘ನಿನ್ನೆ ತಾನೇ ಓಡಿಸಿದ್ದೆ ಸಾರ್’ ಎಂದು ಕೈಮುಗಿಯುವವನ ಬಾನೆಟ್ಟಿನೊಳಗೆ ಬೆಕ್ಕು ಮರಿ ಹಾಕಿರುತ್ತಿತ್ತು. ನೋಡಿ ನೋಡಿ ಮೇಷ್ಟ್ರು ಮನೆಯಲ್ಲೂ ಅದೇ ಆದರು. ಸಕ್ಕರೆ ಡಬ್ಬಿಗೆ ಪೆನ್ನಿನ ಗೆರೆ, ಎಣ್ಣೆ ಬಾಟಲಿಗೆ ಪೆನ್ನಿನ ಗೆರೆ. “ನನಗೂ ಒಂದು ಎಳೆದುಬಿಡ್ರೀ, ಎದ್ದು ಎಲ್ಲಿಗಾದ್ರೂ ಹೋದ್ರೆ ಗೊತ್ತಾಗತ್ತೆ” ಎಂದು ಹೆಂಡತಿ ಛೇಡಿಸುತ್ತಿದ್ದಳು. ಯಾಕೆ ಹೀಗೆ ಹೇಳಿದಳು ಎಂದು ಮೇಷ್ಟ್ರು ಅದನ್ನೂ ಎರಡು ದಿನ ಯೋಚಿಸುತ್ತಿದ್ದರು.

ಹಸಿರು ಕಾರು ನಿಂತಿದ್ದು ಒಂದು ಇಳಿಜಾರು ಗಲ್ಲಿಯಲ್ಲಿ. ಗಲ್ಲಿಯ ಕೆಳತುದಿಯಲ್ಲಿ ಮೇಷ್ಟ್ರ ಅಕ್ಕನ ಹೊಲಿಗೆ ಅಂಗಡಿ. ಅಕ್ಕನ ಗಂಡನೇ ನಗರಸಭೆಯ ಕ್ರೇನಿನ ಡ್ರೈವರ್. ಭಾವನ ಮಧ್ಯಾಹ್ನದ ಊಟ ದಿನಾ ಆ ಅಂಗಡಿಯಲ್ಲೇ. ಕಾರಿನ ಟೈರುಗಳು ಅರ್ಧ ಕೂತಿದ್ದವು, ಕನ್ನಡಿಗೂ ಬಾಗಿಲಿಗೂ ನಡುವೆ ಜೇಡ ಬಲೆ ನೇಯ್ದಿತ್ತು. ಮೊದಲ ದಿನ ಗೆರೆ ಎಳೆಯಲು ಕೂತಾಗ ಮುಂದಿನ ಚಕ್ರದ ಬುಡದಲ್ಲಿ ಒಂದು ಕಲ್ಲು ಕೈಗೆ ಅಡ್ಡ ಬಂತು. ಮೇಷ್ಟ್ರಿಗೆ ಡೊಂಕು ಗೆರೆ ಎಂದರೆ ಆಗದು. ಕಲ್ಲನ್ನು ಅಲ್ಲಾಡಿಸಿ ಕಿತ್ತು ಗೋಡೆ ಬದಿಗೆ ಹಾಕಿದರು, ಅಂದವಾಗಿ ಗೆರೆ ಎಳೆದರು, ಕೈ ಒರೆಸಿಕೊಂಡು ಹೋದರು.

ಏಳು ದಿನ ಬಿಟ್ಟು ಬಂದರೆ ಗೆರೆ ತಪ್ಪಿದೆ! ಒಂದೇ ಬೆರಳಿನಷ್ಟು. ಜೇಡನ ಬಲೆ ಮಾತ್ರ ಇದ್ದ ಹಾಗೇ ಇದೆ. ಮರುವಾರವೂ ಅಷ್ಟೇ, ಅದರ ಮರುವಾರವೂ ಅಷ್ಟೇ. ಮೇಷ್ಟ್ರ ತಲೆಗೆ ಹುಳ ಹೊಕ್ಕಿತು. ಬಾಗಿಲು ತೆಗೆಯದೆ ಯಾರೋ ಕಾರನ್ನು ತಳ್ಳುತ್ತಿದ್ದಾರೆ, ಎತ್ತಿಕೊಂಡು ಹೋಗಬಾರದೆಂದೇ ತಳ್ಳುತ್ತಿದ್ದಾರೆ. ಗೆರೆಯ ನಿಯಮ ಗೊತ್ತಿರುವವರು ಯಾರು? ದಿನಾ ಮಧ್ಯಾಹ್ನ ಈ ಗಲ್ಲಿಗೆ ಬರುವವರು ಯಾರು? ನಾಲ್ಕನೇ ವಾರ ವೈಪರ್ ಕಡ್ಡಿಗಳೂ ಮಾಯ. ಅವತ್ತೇ ಭಾವ ಗುಜರಿ ಅಂಗಡಿಯವನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದುದನ್ನು ಮೇಷ್ಟ್ರು ಕಣ್ಣಾರೆ ಕಂಡರು.

“ಆ ಹಸಿರು ಕಾರು ಇನ್ನೂ ಎಷ್ಟು ದಿನ ಅಲ್ಲೇ ಇರತ್ತೆ ಭಾವ?” ಎಂದು ಕೆಣಕಿ ನೋಡಿದರು.

“ಇರಲಿ ಬಿಡಪ್ಪಾ, ಅದೇನು ಅನ್ನ ಕೇಳತ್ತಾ?” ಎಂದು ಭಾವ ನಕ್ಕರು.

ಸಾಕಾಯಿತು! ಐದನೇ ವಾರವೂ ಗೆರೆ ತಪ್ಪಿದಾಗ ಮೇಷ್ಟ್ರು ಬೆಳಿಗ್ಗೆಯೇ ಸಾಹೇಬರ ಮೇಜಿನ ಮೇಲೆ ದೂರು ಇಟ್ಟರು: ಕ್ರೇನಿನ ಡ್ರೈವರೇ ಕಾರನ್ನು ಸರಿಸಿ, ಬಿಡಿಭಾಗಗಳನ್ನು ಗುಜರಿಗೆ ಸಾಗಿಸುತ್ತಿದ್ದಾರೆ. ಭಾವನಿಗೆ ನಿವೃತ್ತಿಗೆ ಎಂಟೇ ತಿಂಗಳು. ವಿಚಾರಣೆ ಶುರುವಾದರೆ ಮೊದಲು ಕ್ರೇನಿನಿಂದ ಇಳಿಸುತ್ತಾರೆ, ಅದು ಮೇಷ್ಟ್ರಿಗೂ ಗೊತ್ತಿತ್ತು. ಆದರೆ ಕಳ್ಳತನ ಕಳ್ಳತನವೇ ಅಲ್ಲವೇ ಎಂದು ತಮಗೆ ತಾವೇ ಹೇಳಿಕೊಂಡರು.

ತಳ್ಳುವಾಗಲೇ ಕೈಯಾರೆ ಹಿಡಿಯೋಣವೆಂದು ಅವತ್ತು ಮಧ್ಯಾಹ್ನ ಎದುರು ಮನೆಯ ಮೆಟ್ಟಿಲ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂತರು. ಕೆಳಗೆ ಅಕ್ಕ ಹೊಸ್ತಿಲಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಭಾವ ಒಳಗೆ ಊಟಕ್ಕೆ ಕೂತಿದ್ದರು. ಕಾರಿನ ಹತ್ತಿರ ನರಪಿಳ್ಳೆಯಿಲ್ಲ. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಕಸದ ಲಾರಿ ಹಾದುಹೋಯಿತು, ನೆಲ ಅದುರಿತು. ಕಾರು ತಾನಾಗಿ ಒಂದು ಬೆರಳು ಮುಂದೆ ಸರಿಯಿತು. ಮೇಷ್ಟ್ರು ಕಣ್ಣು ಉಜ್ಜಿಕೊಂಡರು. ಕಾರು ಇನ್ನೊಂದು ಗೇಣು ಸರಿದು, ರಸ್ತೆಯ ಸಣ್ಣ ಉಬ್ಬು ದಾಟಿ, ಅಕ್ಕ ಕೂತಿದ್ದ ಕಡೆಗೆ ಉರುಳತೊಡಗಿತು.

“ಅಕ್ಕಾ! ಏಳೇ!” ಎಂದು ಕಿರುಚುತ್ತಾ ಓಡಿ ಮುಂಭಾಗಕ್ಕೆ ಹೆಗಲು ಕೊಟ್ಟರು. ಚಪ್ಪಲಿ ಜಾರಿ ಮೊಣಕಾಲು ನೆಲಕ್ಕೆ ಬಿತ್ತು, ಅಂಗಿ ಹರಿಯಿತು, ಬೆನ್ನು ಕಳಚಿ ಬಿದ್ದಂತಾಯಿತು. ಅಂಗಡಿ ಎರಡೇ ಮಾರು ದೂರವಿದ್ದಾಗ ಭಾವ ಎಂಜಲು ಕೈಯಲ್ಲೇ ಹೊರಬಂದು, ಪಕ್ಕದಲ್ಲಿ ಇಸ್ತ್ರಿ ಮಾಡಲು ಇಟ್ಟಿದ್ದ ಮರದ ತುಂಡನ್ನು ಚಕ್ರದಡಿ ತುರುಕಿದರು. ಕಾರು ನಿಂತಿತು.

“ಹ್ಯಾಂಡ್‌ಬ್ರೇಕ್ ಇಲ್ಲದ ಗಾಡಿ ಅಂತ ಎರಡು ವರ್ಷದ ಹಿಂದೇನೇ ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ ಕಣಯ್ಯ” ಎಂದು ಭಾವ ಏದುಸಿರು ಬಿಟ್ಟರು. “ಯಾವ ಪುಣ್ಯಾತ್ಮ ತೆಗೆದನೋ!”

ಮೇಲೆ ಗೋಡೆ ಬದಿಯಲ್ಲಿ ಬಿದ್ದಿದ್ದ ಕಲ್ಲಿನತ್ತ ಮೇಷ್ಟ್ರು ಕೈ ತೋರಿಸಿದರು. “ನಾನೇ ಭಾವ. ಗೆರೆಗೆ ಅಡ್ಡ ಬಂತು.”

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಳಿಗ್ಗೆ ಕೊಟ್ಟ ದೂರಿನ ವಿಷಯ ಹೇಳಿದಾಗ ಮಾತ್ರ ನಗು ನಿಂತಿತು. ಒಳಗೆ ಹೋಗಿ, ಅರ್ಧ ಉಂಡ ಡಬ್ಬಿಯ ಮುಚ್ಚಳ ಹಾಕಿದರು.

“ನಿನ್ನ ಎತ್ತಿ ಆಡಿಸಿದ ಮನುಷ್ಯ ಕಣೋ ಅವರು” ಎಂದಳು ಅಕ್ಕ. “ಹೋಗು, ಮೊದಲು ಆ ಕಾಗದ ವಾಪಸ್ ತಗೊಂಡು ಬಾ.”

ಮೇಷ್ಟ್ರು ಕಚೇರಿಗೆ ಓಡಿದರು. ಕೊಟ್ಟ ದೂರು ವಾಪಸ್ ಬರುವುದಿಲ್ಲ, ಬೇಕಾದರೆ ಹೊಸ ಹೇಳಿಕೆ ಬರೆದುಕೊಡಿ ಎಂದರು ಸಾಹೇಬರು. ಮೇಷ್ಟ್ರು ನಿಂತಲ್ಲೇ ಬರೆದರು: ಕಾರನ್ನು ಯಾರೂ ತಳ್ಳಿಲ್ಲ, ಕಲ್ಲು ತೆಗೆದವನು ನಾನು, ವೈಪರ್ ಒಯ್ದವರನ್ನು ನಾನು ಕಂಡಿಲ್ಲ, ತಪ್ಪೆಲ್ಲ ನನ್ನದೇ. ಒಂದಕ್ಷರವೂ ಸುಳ್ಳಿಲ್ಲ.

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ಕೆಳಗಿಳಿಸಿ ಮೇಷ್ಟ್ರ ಹರಿದ ಅಂಗಿಯನ್ನೂ ಧೂಳಾದ ಮೊಣಕಾಲನ್ನೂ ಮೇಲಿಂದ ಕೆಳಗೆ ನೋಡಿದರು. ಆ ನೋಟ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿದ್ದದ್ದೇ, ಗಾಡಿಯವರನ್ನು ತಾವು ನೋಡುತ್ತಿದ್ದ ನೋಟವೇ ಅದು.

“ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನಿಜ ಹೇಳ್ರೀ, ಇದನ್ನ ಹೊಡೆದು ಬರೆಸಿದ್ದು ನಿಮ್ಮ ಭಾವ ತಾನೇ?” ಎಂದು ಕೇಳಿ, ಎರಡೂ ಕಾಗದಗಳನ್ನು ಒಟ್ಟಿಗೆ ಪಿನ್ನು ಚುಚ್ಚಿ ವಿಚಾರಣೆಯ ಫೈಲಿಗೆ ಸೇರಿಸಿದರು.