ತ್ರಿವೇಣಿ ಎತ್ತಿ ನಿಲ್ಲಿಸಿದ ಗಾಡಿ

ಬೆಳಗಾವಿ ಜಿಲ್ಲೆಯ ಬೀಡಿ ಎಂಬ ಊರಿನ ಸುತ್ತಲಿನ ಕುರಿಗಾರರಿಗೆ ತ್ರಿವೇಣಿ ಎಂದರೆ ‘ಡಾಕ್ಟರ ಅಕ್ಕಾರು’. ಹುದ್ದೆಯಲ್ಲಿ ಆಕೆ ಡಾಕ್ಟರಲ್ಲ, ಪಶು ಆಸ್ಪತ್ರೆಯ ಪರೀಕ್ಷಕಿ. ಆದರೂ ಗುಡ್ಡದ ಮೇಲಿನ ದೊಡ್ಡಿಯಲ್ಲಿ ಒಂದು ಕುರಿ ಮೇವು ಬಿಟ್ಟು ನಿಂತಿತೆಂದರೆ ಮೊದಲ ಫೋನು ಬರುವುದು ಆಕೆಗೇ. ಕುರಿಗಾರರ ಮನೆಯಲ್ಲಿ ಹುಟ್ಟಿ, ಮರಿಗಳ ಜತೆ ಆಡಿ ಬೆಳೆದು, ಡಿಪ್ಲೊಮಾ ಮುಗಿಸಿ ನೌಕರಿ ಹಿಡಿದವಳು ಆಕೆ. ಆಸ್ಪತ್ರೆಯ ಫಿನೈಲ್ ವಾಸನೆಗಿಂತ ದೊಡ್ಡಿಯ ಹಿಕ್ಕೆಯ ವಾಸನೆಯೇ ಹಿತವೆನಿಸುತ್ತಿತ್ತು.

ಹೋದ ಮಳೆಗಾಲದಲ್ಲಿ ಆಕೆ ಬಿದ್ದಳು. ಲಕ್ಷ್ಮಪ್ಪ ಎಂಬ ಕುರಿಗಾರನ ದೊಡ್ಡಿಯಿಂದ ಪೆಟ್ರೋಲ್ ಬೈಕಿನಲ್ಲಿ ಇಳಿದು ಬರುವಾಗ ಕೆಂಪು ಮಣ್ಣಿನ ಜಾರಿನಲ್ಲಿ ಹಿಂದಿನ ಗಾಲಿ ಸರಿದು, ಗಾಡಿ ಕಾಲ ಮೇಲೇ ಮಲಗಿತು. ಭುಜದ ಎಲುಬು ಮುರಿದಿತ್ತು. ಒಂದೇ ಕೈಯಿಂದ ಎಷ್ಟು ತಳ್ಳಿದರೂ ಗಾಡಿ ಅಲುಗಲಿಲ್ಲ. ಸೈಲೆನ್ಸರ್ ಮೀನಖಂಡವನ್ನು ಸುಡುತ್ತಿತ್ತು. ಮಳೆಯ ಸದ್ದಿನಲ್ಲಿ ಆಕೆಯ ಕೂಗು ಯಾರಿಗೂ ಕೇಳಲಿಲ್ಲ. ಕುರಿ ಅಟ್ಟಿಕೊಂಡು ಲಕ್ಷ್ಮಪ್ಪ ಅದೇ ದಾರಿಗೆ ಬರದೆ ಹೋಗಿದ್ದರೆ ಏನಾಗುತ್ತಿತ್ತೋ.

ಎಲುಬು ಕೂಡಿತು, ಸುಟ್ಟ ಗಾಯ ಮಾಯಿತು. ಆದರೆ ಗುಡ್ಡದ ದಾರಿ ಕಂಡರೆ ಸಾಕು, ಆಕೆಯ ಅಂಗೈ ಬೆವರುತ್ತಿತ್ತು. ಇದನ್ನು ಗಂಡ ಶಿವಲಿಂಗನಿಗೂ ಹೇಳಲಿಲ್ಲ. ‘ಬ್ರೇಕು ಸರಿ ಇಲ್ಲ’, ‘ಟೈರು ಸವದೈತಿ’ ಎಂದು ನೆವ ಹೇಳುತ್ತ ಬಂದಳು. ಕುರಿಗಾರರಿಗೆ, ‘ಕುರಿ ಡಾಂಬರ ರೋಡಿಗೆ ಹೊಡಕೊಂಡ ಬರ್ರಿ, ಅಲ್ಲೇ ಸೂಜಿ ಹಾಕ್ತೀನಿ’ ಎನ್ನತೊಡಗಿದಳು. ಕೆಲವರು ಬಂದರು, ಕೆಲವರು ಬರಲಿಲ್ಲ. ಬರದವರ ಹಿಂಡಿನಲ್ಲಿ ಕರುಳುಬೇನೆ ಹೊಕ್ಕು ಕುರಿ ಸತ್ತ ಸುದ್ದಿ ಕೇಳಿದ ದಿನ ಆಕೆಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಬೆಳಗಾವಿಯ ಕಚೇರಿಯಲ್ಲೊಂದು ಜಾಗ ಖಾಲಿಯಾಯಿತು. ಕುರ್ಚಿಯ ಕೆಲಸ. ಬರುವುದಾದರೆ ಹೇಳಿ ಎಂದರು ಮೇಲಿನವರು. ಅಲ್ಲಿಯ ರಾಮತೀರ್ಥ ನಗರದಲ್ಲಿ ನಾದಿನಿಯ ಮನೆಯ ಮಹಡಿಯೂ ಖಾಲಿಯಿತ್ತು. ಬೀಡಿಯ ಶಾಲೆಯಲ್ಲಿ ಗುಮಾಸ್ತನಾಗಿದ್ದ ಶಿವಲಿಂಗನಿಗೆ ಹಿಗ್ಗೋ ಹಿಗ್ಗು. “ನಾ ದಿನಾ ಬಸ್ಸಿನ್ಯಾಗ ಓಡಾಡ್ತೀನಿ, ಚಿಂತಿ ಇಲ್ಲ. ನೀ ಹೂಂ ಅನ್ನು” ಎಂದ. ತ್ರಿವೇಣಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮನೆ ನೋಡಿ ಬರುತ್ತೇನೆಂದು ಬೆಳಗಾವಿಯ ಬಸ್ಸು ಹತ್ತಿದಳು.

ಮಹಡಿ ಚೆನ್ನಾಗಿಯೇ ಇತ್ತು. ಗಾಳಿ ಬೆಳಕು, ನೀರಿನ ಅನುಕೂಲ, ಎಲ್ಲ. ಕಿಟಕಿಯ ಮುಂದೆ ನಿಂತು ಸಾಲು ಮನೆಗಳನ್ನು ನೋಡುತ್ತಿದ್ದಂತೆ ಆಕೆಯ ಕಣ್ಣು ಅವುಗಳಾಚೆ ಗುಡ್ಡ ಹುಡುಕತೊಡಗಿತು. ನಾದಿನಿ ಕೊಟ್ಟ ಚಹಾ ಕುಡಿದು, ಊರಿಗೆ ಹೋಗುವ ಬದಲು ನೇಕಾರರ ಬಡಾವಣೆಯಾದ ವಡಗಾವಿಗೆ ಆಟೊ ಹಿಡಿದಳು. ಅಲ್ಲಿ ಆಕೆಯ ಕಾಲೇಜಿನ ಗೆಳತಿ ಅನ್ವರಿ ಇದ್ದಳು.

ಅನ್ವರಿಯ ತಂದೆ ಮಗ್ಗದ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವರು. ಅದೇ ಅಂಗಡಿಯಲ್ಲಿ ಈಗ ಮಗಳು ಎಲೆಕ್ಟ್ರಿಕ್ ಗಾಡಿಗಳ ರಿಪೇರಿ ಮಾಡುತ್ತಿದ್ದಳು. ಓಣಿಯ ಎರಡೂ ಕಡೆ ಮಗ್ಗಗಳ ಸದ್ದು. ಆ ಸದ್ದಿನಲ್ಲೇ ತ್ರಿವೇಣಿ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು.

ಅನ್ವರಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ಕೇಳಿದಳು. “ನಿನಗ ಗುಡ್ಡದ ಅಂಜಿಕಿನೋ, ಗಾಡಿದೋ?”

ತ್ರಿವೇಣಿ ಈ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಂಡಿರಲಿಲ್ಲ. “ಬೀಳೂದಕ್ಕ ಅಂಜಿಕಿಲ್ಲ. ಸಣ್ಣಾಕಿದ್ದಾಗಿಂದ ಅದೇ ಗುಡ್ಡದಾಗ ಬಿದ್ದೆದ್ದಾಕಿ ನಾ. ಆ ಗಾಡಿ ಎತ್ತಾಕ ಆಗಲಿಲ್ಲಲ್ಲ, ಅದರ ಕೆಳಗ ಹಂಗ ಸಿಕ್ಕೊಂಡು ಬಿದ್ದಿದ್ನಲ್ಲ...” ಎಂದು ಮೀನಖಂಡದ ಸುಟ್ಟ ಕಲೆಯನ್ನು ಸವರಿಕೊಂಡಳು.

“ಹಂಗಾರ ನೀ ಎತ್ತೂವಂಥಾ ಗಾಡಿ ಹುಡಕೂಣು. ಕಾಲು ಸುಡೂ ಸೈಲೆನ್ಸರ್ ಇಲ್ಲದ್ದು. ಸಿಗಲಿಲ್ಲಂದ್ರ ಆಮ್ಯಾಲೆ ಕುರ್ಚಿ ಮ್ಯಾಲೆ ಕುಂದ್ರಾಕ ಹೋಗು, ಯಾರು ಬ್ಯಾಡಂತಾರ?” ಎಂದು ಅನ್ವರಿ ಅಂಗಡಿಯ ಶಟರ್ ಎಳೆದಳು.

ಮೊದಲು ಹೋದ ಶೋರೂಮಿನಲ್ಲಿ ಅವರಿಗೆ ತೋರಿಸಿದ್ದು ಕೋಣದಂಥ ಬೈಕು. ಅದರ ವೇಗ, ಒಂದು ಚಾರ್ಜಿಗೆ ಅದು ಓಡುವ ದೂರ, ಮೊಬೈಲಿನಲ್ಲೇ ಅದನ್ನು ಬೀಗ ಹಾಕುವ ಬಗೆ, ಎಲ್ಲವನ್ನೂ ಮಾರುವ ಹುಡುಗಿ ಹುರುಪಿನಿಂದ ವಿವರಿಸಿದಳು. ತ್ರಿವೇಣಿ ಕೇಳಿದ್ದು ಒಂದೇ. “ಇದನ್ನ ಒಮ್ಮಿ ನೆಲಕ್ಕ ಮಲಗಿಸಿ ಎತ್ತಿ ನೋಡ್ಲೇನು?”

ಹುಡುಗಿ ಕಕ್ಕಾಬಿಕ್ಕಿಯಾದಳು. ಇಂಥ ಪರೀಕ್ಷೆ ಯಾರೂ ಕೇಳಿರಲಿಲ್ಲ. ಅನ್ವರಿ ಗೋಣಿಚೀಲ ಹಾಸಿಸಿದಳು, ಗೀರು ಬಿದ್ದರೆ ತನ್ನ ಜವಾಬ್ದಾರಿ ಎಂದಳು. ಮಲಗಿಸಿದ್ದಾಯಿತು. ತ್ರಿವೇಣಿ ಹಲ್ಲು ಕಚ್ಚಿ ಎತ್ತಿದಳು. ಅದು ಗೇಣು ಮೇಲೆದ್ದು ಮತ್ತೆ ಮಲಗಿತು. ಸುತ್ತ ನಿಂತವರು ನಕ್ಕಾಗ ಆಕೆಯ ಮುಖ ಕೆಂಪಾಯಿತು.

ಇನ್ನೊಂದು ಕಡೆ ಹಕ್ಕಿಯಂತೆ ಹಗುರವಾದ ಬೈಕಿತ್ತು. ಗುಡ್ಡಗಾಡಿಗೆಂದೇ ಮಾಡಿದ್ದು, ಹಲ್ಲು ಹಲ್ಲಿನ ಟೈರು. ತ್ರಿವೇಣಿಯ ಕಣ್ಣು ಅರಳಿತು. ಆದರೆ ಅದಕ್ಕೆ ನಂಬರ್ ಪ್ಲೇಟು ಸಿಗುವುದಿಲ್ಲವಂತೆ. ಸ್ವಂತ ಜಮೀನಿನಲ್ಲಿ ಮಾತ್ರ ಓಡಿಸಬೇಕಂತೆ.

“ರೋಡಿನ ಮ್ಯಾಲೆ ಹೊಡಿಯಾಂಗಿಲ್ಲಂದ್ರ ಗುಡ್ಡದ ಬುಡದ ತನಕ ನಾ ಇದನ್ನ ಹೆಗಲ ಮ್ಯಾಲೆ ಹೊತ್ಕೊಂಡ ಹೋಗ್ಲೇನ್ರಿ?” ಎಂದು ತ್ರಿವೇಣಿ ಕೇಳಿದಳು. ಆ ಪ್ರಶ್ನೆಗೆ ಅಂಗಡಿಯವನೂ ನಕ್ಕ. ಸ್ಕೂಟರುಗಳನ್ನೂ ನೋಡಿದರು. ಎತ್ತಲು ಹಗುರ, ಆದರೆ ಗಾಲಿ ಸಣ್ಣವು, ಹೊಟ್ಟೆ ನೆಲಕ್ಕೆ ಹತ್ತಿರ. ಬಂಡಿದಾರಿಯ ಕೊರಕಲಿಗೆ ಇಳಿದರೆ ಅಲ್ಲೇ ಕೂರುತ್ತದೆ ಎಂದು ಅನ್ವರಿ ತಲೆಯಾಡಿಸಿದಳು.

ಬಿಸಿಲಿಗೆ ಸೋತು, ಬಸ್‌ಸ್ಟ್ಯಾಂಡಿಗೆ ಹೋಗಿಬಿಡೋಣವೆಂದು ತ್ರಿವೇಣಿ ಅನ್ನುವ ಹೊತ್ತಿಗೆ ಅನ್ವರಿಗೆ ಖಾನಾಪುರ ರಸ್ತೆಯ ಒಂದು ಸಣ್ಣ ಶೋರೂಮಿನ ನೆನಪಾಯಿತು. ಅಲ್ಲಿಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು ಒಂದು ಬೂದು ಬಣ್ಣದ ಬೈಕು. ನೋಡಲು ಅಂದಚಂದವಿಲ್ಲ. ತಂತಿ ಕಡ್ಡಿಯ ದೊಡ್ಡ ಗಾಲಿಗಳು, ನೆಲದಿಂದ ಎತ್ತರದ ಹೊಟ್ಟೆ, ಹೊರಗೆ ತೆಗೆದು ಮನೆಯೊಳಗೆ ಒಯ್ದು ಚಾರ್ಜ್ ಮಾಡಬಹುದಾದ ಬ್ಯಾಟರಿ. ನಂಬರ್ ಪ್ಲೇಟೂ ಸಿಗುತ್ತದೆ. ವೇಗ ಕಡಿಮೆಯೆಂದು ಯಾರೂ ಒಯ್ಯುತ್ತಿರಲಿಲ್ಲವಂತೆ.

ಗೋಣಿಚೀಲ ಮತ್ತೆ ಹಾಸಿದರು. ಮೊದಲ ಸಲ ಕೈ ಜಾರಿತು.

“ತೋಳಿಂದ ಎತ್ತಬ್ಯಾಡ. ಬೆನ್ನು ಸೀಟಿಗೆ ಕೊಟ್ಟು ಕುಂದ್ರು, ತೊಡಿಯಿಂದ ಏಳು” ಎಂದಳು ಅನ್ವರಿ.

ತ್ರಿವೇಣಿ ಹ್ಯಾಂಡಲ್ ಹಿಡಿದು, ಸೀಟಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಹೆಜ್ಜೆ ಇಡುತ್ತ ಎದ್ದಳು. ಗಾಡಿಯೂ ಎದ್ದು ನಿಂತಿತು! ಸೆರಗು ಸೊಂಟದಿಂದ ಬಿಚ್ಚಿ ಮುಖ ಒರೆಸಿಕೊಂಡವಳು ಬೆವರಿನ ಜತೆ ಕಣ್ಣನ್ನೂ ಒರೆಸಿಕೊಂಡಳು. ಆದರೂ ಕೊಳ್ಳುತ್ತೇನೆ ಎನ್ನಲಿಲ್ಲ. ಗೋಣಿಚೀಲ ಬೇರೆ, ಗುಡ್ಡ ಬೇರೆ. ಅನ್ವರಿಯ ಪರಿಚಯದ ಮೇಲೆ ಶೋರೂಮಿನವನು ಗಾಡಿಯನ್ನು ಭಾನುವಾರ ಓಡಿಸಿ ನೋಡಲು ಕೊಡಲೊಪ್ಪಿದ.

ಆ ಭಾನುವಾರಕ್ಕೆ ಮುಂಗಾರು ಆಗಲೇ ಇಳಿದಿತ್ತು. ಟೆಂಪೊದಲ್ಲಿ ಗಾಡಿ ಬೀಡಿಗೆ ಬಂದಾಗ ಶಿವಲಿಂಗನ ಮುಖ ಬಾಡಿತು. “ಇದನ್ನ ನೋಡಾಕ ಹೋಗಿದ್ದೇನು ಬೆಳಗಾವಿಗೆ?” ಎಂದನಷ್ಟೇ. ತನ್ನ ಬೈಕು ತೆಗೆದು ಗುಡ್ಡದ ಬುಡದವರೆಗೆ ಹಿಂದೆಯೇ ಬಂದ.

ಅಲ್ಲಿಂದ ಮೇಲೆ ತ್ರಿವೇಣಿ ಒಬ್ಬಳೇ. ಹ್ಯಾಂಡಲ್ ತಿರುವಿದರೆ ಸದ್ದಿಲ್ಲ, ಹೊಗೆಯಿಲ್ಲ. ಗಾಲಿಯ ಕೆಳಗೆ ಹರಳು ನುರಿಯುವುದು ಕೇಳುತ್ತಿತ್ತು, ಆಚೆಯ ಗಿಡದಲ್ಲಿ ಹಕ್ಕಿ ಕೂಗಿದ್ದೂ ಕೇಳುತ್ತಿತ್ತು. ಗಿಯರಿನ ತಾಪತ್ರಯವಿಲ್ಲದ್ದರಿಂದ ಕಣ್ಣು ದಾರಿಯ ಮೇಲೇ ಇತ್ತು. ಹೋದ ವರ್ಷ ಬಿದ್ದ ಜಾಗ ಹತ್ತಿರವಾದಂತೆ ಅಂಗೈ ಬೆವರತೊಡಗಿತು. ಅಂಜಿ ಬ್ರೇಕು ಬಿಗಿಯಾಗಿ ಹಿಡಿದದ್ದೇ ತಪ್ಪಾಯಿತು. ಗಾಲಿ ಸರಕ್ಕನೆ ಜಾರಿ, ಗಾಡಿಯೂ ಆಕೆಯೂ ಪಕ್ಕಕ್ಕೆ ಒರಗಿದರು.

ಮೋಟರ್ ತಾನಾಗಿ ನಿಂತಿತು. ತ್ರಿವೇಣಿ ಕೆಸರಿನಲ್ಲಿ ಕುಳಿತು ಕಾಲು ಎಳೆದುಕೊಂಡಳು. ಸುಲಭವಾಗಿ ಬಂತು. ಸೀಟಿಗೆ ಬೆನ್ನು ಕೊಟ್ಟು ಕುಳಿತಳು, ಕಾಲು ಊರಿದಳು, ಜಾರಿದಳು, ಮತ್ತೆ ಊರಿದಳು. ಒಂದು ಕಲ್ಲಿಗೆ ಹಿಮ್ಮಡಿ ಸಿಕ್ಕಿತು. ಎದ್ದಳು. ಗಾಡಿ ಆಕೆಯ ಬೆನ್ನಿಗೇ ಎದ್ದು ನಿಂತಿತು. ಆ ಗುಡ್ಡದಲ್ಲಿ ಯಾರೂ ಇರಲಿಲ್ಲ, ಯಾರನ್ನೂ ಕರೆಯಬೇಕಾಗಿಯೂ ಇರಲಿಲ್ಲ. ಆಕೆ ಗಟ್ಟಿಯಾಗಿ ನಕ್ಕುಬಿಟ್ಟಳು. ಉಳಿದ ಏರನ್ನು ಹತ್ತುವಾಗ ಅಂಗೈ ಒಣಗಿದ್ದನ್ನು ಆಕೆ ಗಮನಿಸಲೂ ಇಲ್ಲ.

ದೊಡ್ಡಿಯಲ್ಲಿ ಲಕ್ಷ್ಮಪ್ಪ ಒಂದು ಕುರಿಯ ಮುಂದೆ ಮಂಡಿಯೂರಿದ್ದ. “ಅಕ್ಕಾರ, ದೇವರು ಕಳಿಸಿದಂಗ ಬಂದ್ರಿ ನೋಡ್ರಿ! ಮುಂಜಾನಿಂದ ತಿಣಕಾಡಾಕ ಹತ್ತೈತಿ, ಮರಿ ಹೊರಗ ಬರವಲ್ದು.” ಪೆಟ್ರೋಲ್ ಗಾಡಿ ಬಂದಾಗಲೆಲ್ಲ ಬೆದರಿ ಚೆಲ್ಲಾಪಿಲ್ಲಿಯಾಗುತ್ತಿದ್ದ ಹಿಂಡು ಈ ಸಲ ತಲೆಯೆತ್ತಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿತು. ತ್ರಿವೇಣಿ ಕೈ ತೊಳೆದು ಕುಳಿತಳು. ಮರಿಯ ಮುಂಗಾಲು ಒಳಗೆ ಮಡಚಿಕೊಂಡಿತ್ತು. ನಿಧಾನವಾಗಿ ಬಿಡಿಸಿ ನೇರ ಮಾಡಿದಳು. ಕುರಿ ಒಮ್ಮೆ ನರಳಿತು, ಮರಿ ಜಾರಿ ಹುಲ್ಲಿಗೆ ಬಿತ್ತು. ಮೂಗು ಒರೆಸಿ ಎದೆ ತಿಕ್ಕಿದ ಮೇಲೆ ಕೀಚಲು ದನಿ ತೆಗೆಯಿತು. ಲಕ್ಷ್ಮಪ್ಪ ಅಲ್ಲೇ ಕುಸಿದು ಕುಳಿತು, “ಬದುಕಿತ ನೋಡ್ರಿ ಬಡಜೀವ” ಎಂದ.

ಇಳಿಯುವ ಹೊತ್ತಿಗೆ ಆಕೆಗೆ ಇನ್ನೊಂದು ದಿಗಿಲು. ಏರು ಹತ್ತಲು ಬ್ಯಾಟರಿ ಅರ್ಧಕ್ಕೂ ಕೆಳಗೆ ಹೋಗಿತ್ತು. ಶೋರೂಮಿನವನು ಹೇಳಿದ ದೂರವೆಲ್ಲ ಸಪಾಟು ರಸ್ತೆಯ ಲೆಕ್ಕ. ಆದರೆ ಇಳಿಜಾರಿನಲ್ಲಿ ಗಾಡಿ ಬ್ಯಾಟರಿಯನ್ನು ಏನೂ ತಿನ್ನಲಿಲ್ಲ. ಗುಡ್ಡದ ಬುಡ ಮುಟ್ಟಿದಾಗಲೂ ಊರು ಸೇರುವಷ್ಟು ಉಳಿದಿತ್ತು. ದೂರದ ದೊಡ್ಡಿಗಳಿಗೆ ಹೋದರೆ ದಾರಿಯಲ್ಲಿ ಯಾರದಾದರೂ ಮನೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಿಕೊಂಡೇ ಬರಬೇಕು. ಇರಲಿ, ಊರೂರಿಗೂ ಚಹಾ ಕೊಡುವ ಮನೆಗಳಿವೆ ಎಂದುಕೊಂಡಳು.

ಶಿವಲಿಂಗ ಅಲ್ಲೇ ನಿಂತಿದ್ದ. ಮೈಯೆಲ್ಲ ಕೆಸರಾದ ಹೆಂಡತಿಯನ್ನು ಕಂಡು ಅವನ ಜೀವ ಹೋದಂತಾಯಿತು.

“ಮತ್ತ ಬಿದ್ದೇನು?”

“ಹೂಂ, ಬಿದ್ದಿದ್ದೆ. ಎತ್ತಿ ನಿಲ್ಲಿಸಿದೆ, ಬಂದೆ.”

ಅವನು ಆಕೆಯ ಭುಜ ಮುಟ್ಟಿ ನೋಡಿದ, ಕೈ ಮಡಚಿಸಿ ನೋಡಿದ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದ. “ಹೋದ ವರ್ಷದಿಂದ ನೀ ಮನಿಗೆ ಬರೂತನಕ ನನಗ ಕುಂತಲ್ಲಿ ಕುಂದ್ರಾಕ ಆಗ್ತಿದ್ದಿಲ್ಲ. ಅದಕ್ಕ ಬೆಳಗಾವಿ ಬೆಳಗಾವಿ ಅಂತ ಗಂಟಬಿದ್ದಿದ್ದೆ” ಎಂದು ತಡೆದು, “ನಿನ್ನ ಮಾರಿ ಮ್ಯಾಲಿನ ನಗು ನೋಡಿ ಎಷ್ಟ ದಿನ ಆಗಿತ್ತು. ಬ್ಯಾಡ ಅಂತ ಹೇಳಿಬಿಡು ಅವರಿಗೆ. ಇಲ್ಲೇ ಇರೂಣು” ಎಂದ.

ಎದೆಯ ಮೇಲಿದ್ದ ಕಲ್ಲುಬಂಡೆಯನ್ನು ಯಾರೋ ಪಕ್ಕಕ್ಕೆ ಸರಿಸಿದಂತಾಯಿತು ತ್ರಿವೇಣಿಗೆ. ಆ ರಾತ್ರಿ ಆಕೆಗೆ ಹಾಸಿಗೆಗೆ ತಲೆ ಇಟ್ಟದ್ದೇ ಗೊತ್ತು. ಮರುದಿನ ಅನ್ವರಿಗೆ ಫೋನು ಮಾಡಿ, “ಅದೇ ಗಾಡಿ” ಎಂದಳು. ಆ ಕಡೆಯಿಂದ, “ದೇವರು ದೊಡ್ಡಾಂವ! ಇನ್ನ ನನ್ನ ಅಂಗಡಿ ಶಟರ್ ತಗೀತೀನಿ” ಎಂಬ ನಗು ಕೇಳಿತು.

ಈಗ ಆ ಬೂದು ಗಾಡಿ ಬೀಡಿಯ ಸುತ್ತಲಿನ ದೊಡ್ಡಿಗಳಿಗೆಲ್ಲ ಪರಿಚಿತ. ಈ ಸಲ ಕರುಳುಬೇನೆಯ ಲಸಿಕೆ ಒಂದು ಹಿಂಡನ್ನೂ ಬಿಡಲಿಲ್ಲ. ಕುರಿಗಾರರ ಹೆಂಗಸರದು ಮಾತ್ರ ಒಂದು ತಕರಾರು. ಮೊದಲಾದರೆ ಕೆಳಗಿನ ತಿರುವಿನಲ್ಲಿ ಗಾಡಿಯ ಸದ್ದು ಕೇಳಿದೊಡನೆ ಒಲೆಯ ಮೇಲೆ ಚಹಾ ಇಡುತ್ತಿದ್ದರು. ಈಗ ಅಕ್ಕಾರು ಸದ್ದಿಲ್ಲದೆ ಬಂದು ಬೆನ್ನ ಹಿಂದೆಯೇ ನಿಂತಿರುತ್ತಾರೆ. ಅದಕ್ಕೇ ತ್ರಿವೇಣಿ ದೊಡ್ಡಿ ಕಣ್ಣಿಗೆ ಬೀಳುವ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಕುರಿ ಬೆದರದಂತೆ, “ಬಂದ್ನೆವ್ವಾ, ಚಹಾ ಇಡ್ರಿ” ಎಂದು ಕೂಗು ಹಾಕುತ್ತಾಳೆ.